ಚಾಕಿ ಹುಳುವಿಗೆ ಎಳೆ ಸೊಪ್ಪು, ಸಣ್ಣ ಕೆಲಸಕ್ಕೆ ಬೀಜಧನ

ಬೋಧನಾಭ್ಯಾಸದ ಮೂರನೇ ವಾರ. ಮಾಗಡಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಏಳನೇ ತರಗತಿಯಲ್ಲಿ ನೀರಿನ ಮಿತಬಳಕೆಯ ಪಾಠ ಮಾಡುತ್ತಿದ್ದೆ. ಒಬ್ಬ ಹುಡುಗಿ ಎದ್ದು, "ಮಿಸ್, ಬಿಸಿಯೂಟ ಆದ್ಮೇಲೆ ತಟ್ಟೆ ತೊಳೆಯೋ ನೀರೆಲ್ಲ ಗೇಟಿನ ಹತ್ರ ನಿಂತು ಕೆಸರಾಗುತ್ತೆ. ಅದನ್ನ ನುಗ್ಗೆ ಗಿಡಕ್ಕೆ ಬಿಡಬಹುದಲ್ವಾ?" ಎಂದಳು. ಮಕ್ಕಳೇ ಅಳತೆ ತೆಗೆದರು. ಇಪ್ಪತ್ತು ಅಡಿ ಪೈಪು, ಎರಡು ಎಲ್ಬೋ, ಅನ್ನದ ಅಗುಳು ತಡೆಯಲು ಒಂದು ಜಾಲರಿ. ₹800ರಲ್ಲಿ ಮುಗಿಯುವ ಕೆಲಸ.

ಮುಖ್ಯ ಶಿಕ್ಷಕರಿಗೆ ಮನಸ್ಸಿತ್ತು, ಕೈಯಲ್ಲಿ ಹಣವಿರಲಿಲ್ಲ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ ₹10,000, 31ರಿಂದ 100 ಮಕ್ಕಳಿದ್ದರೆ ₹25,000 ಶಾಲಾ ಅನುದಾನ. ದುರಸ್ತಿ, ಸ್ವಚ್ಛತೆ, ಕಲಿಕಾ ಸಾಮಗ್ರಿ ಎಲ್ಲವೂ ಅದರಲ್ಲೇ ಆಗಬೇಕು. ಅದು ಶಾಲೆ ನಡೆಸುವ ಹಣ; ಹೊಸದೊಂದನ್ನು ಮಾಡಿ ನೋಡಲು ಅದರಲ್ಲಿ ಏನೂ ಉಳಿಯುವುದಿಲ್ಲ. ಕೊನೆಗೆ ನಾವು ನಾಲ್ವರು ಪ್ರಶಿಕ್ಷಣಾರ್ಥಿಗಳು ತಲಾ ₹200 ಹಾಕಿದೆವು. ಹುಡುಗಿಯ ಚಿಕ್ಕಪ್ಪ ಒಂದು ಭಾನುವಾರ ಬಂದು ಪೈಪು ಕೂಡಿಸಿಕೊಟ್ಟರು. ನಾವು ಶಾಲೆ ಬಿಡುವ ದಿನ ಅವಳು ಕೇಳಿದಳು: "ನೀವು ಹೋದ್ಮೇಲೆ ಇದು ಒಡೆದ್ರೆ ಯಾರನ್ನ ಕೇಳೋದು ಮಿಸ್?" ನನ್ನಲ್ಲಿ ಉತ್ತರವಿರಲಿಲ್ಲ.

ಹಣವಿಲ್ಲದೆಯೂ ಕೆಲಸ ಆಗುತ್ತದೆ ಎನ್ನುವವರು ಇದೇ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರನ್ನು ತೋರಿಸುತ್ತಾರೆ. ಕೂಲಿ ಮಾಡಿ ಬದುಕುತ್ತಿದ್ದ ಅವರು ಮತ್ತು ಪತಿ ಚಿಕ್ಕಯ್ಯನವರು ಹುಲಿಕಲ್–ಕುದೂರು ರಸ್ತೆಯ ಬದಿಯಲ್ಲಿ ಸುಮಾರು 4 ಕಿ.ಮೀ. ಉದ್ದಕ್ಕೆ ಆಲದ ಸಸಿ ನೆಟ್ಟು, ನೀರು ಹೊತ್ತು, ಬೇಲಿ ಕಟ್ಟಿ ಬೆಳೆಸಿದರು. ಪದ್ಮಶ್ರೀ ಬಂದದ್ದು 2019ರಲ್ಲಿ. ಅದನ್ನು ನೋಡಲು ಚಿಕ್ಕಯ್ಯನವರು ಇರಲಿಲ್ಲ. ತರಗತಿಯಲ್ಲಿ ನಾವು ಇದನ್ನು ತ್ಯಾಗದ ಪಾಠವಾಗಿ ಮಾತ್ರ ಹೇಳುತ್ತೇವೆ. ನೀರು ಹೊರುತ್ತಿದ್ದ ವರ್ಷಗಳಲ್ಲೇ ಅವರಿಗೆ ಒಂದು ಕೈಗಾಡಿ, ಎರಡು ಡ್ರಮ್ಮು ಸಿಕ್ಕಿದ್ದರೆ ಎಂದು ಯಾರೂ ಕೇಳುವುದಿಲ್ಲ. ಸನ್ಮಾನ ಬರುವುದು ಮರ ಬೆಳೆದ ಮೇಲೆ. ನೀರು ಬೇಕಾದದ್ದು ಸಸಿಗೆ.

ನಮ್ಮ ರೇಷ್ಮೆ ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ರಾಮನಗರದ ಮಾರುಕಟ್ಟೆಗೆ ಒಳ್ಳೆಯ ಗೂಡು ಬರಬೇಕಾದರೆ ಚಾಕಿ ಹಂತ ಚೆನ್ನಾಗಿರಬೇಕು. ಮೊಟ್ಟೆಯೊಡೆದ ಹುಳು ಎರಡನೇ ಜ್ವರ ದಾಟುವವರೆಗೆ ಎಳೆ ಸೊಪ್ಪು ಕತ್ತರಿಸಿ ಹಾಕಿ, ಬಿಸಿ, ತೇವ ಎರಡನ್ನೂ ಕಾಯಬೇಕು. ಆಗ ಹುಳು ತಿನ್ನುವುದು ಬಹಳ ಕಡಿಮೆ. ಆದರೆ ಆ ಹಂತದಲ್ಲಿ ತಪ್ಪಿದರೆ ಮುಂದೆ ಎಷ್ಟು ಸೊಪ್ಪು ಸುರಿದರೂ ಬೆಳೆ ಕೈಗೆ ಹತ್ತುವುದಿಲ್ಲ. ಊರಿನ ಸಣ್ಣ ಕೆಲಸಗಳಿಗೆ ಬೀಜಧನ ಬೇಕಾಗುವುದೂ ಇದೇ ಕಾರಣಕ್ಕೆ: ಮೊತ್ತ ಸಣ್ಣದಿರಲಿ, ಮೊದಲೇ ಬರಲಿ.

ಇಂಥ ಹಣ ಇಲ್ಲವೇ ಇಲ್ಲ ಎಂದಲ್ಲ. ಇನ್‌ಸ್ಪೈರ್–ಮಾನಕ್ ಯೋಜನೆಯಲ್ಲಿ ಆಯ್ಕೆಯಾದ ವಿದ್ಯಾರ್ಥಿಗೆ ಮಾದರಿ ತಯಾರಿಸಲು ₹10,000 ಸಿಗುತ್ತದೆ. ಒಳ್ಳೆಯ ಯೋಜನೆ. ಆದರೆ ಅದು ಸ್ಪರ್ಧೆ. ಹೊಸ ಆವಿಷ್ಕಾರ ಬೇಕು. ತಟ್ಟೆ ತೊಳೆದ ನೀರನ್ನು ನುಗ್ಗೆ ಗಿಡಕ್ಕೆ ಹರಿಸುವುದು ಆವಿಷ್ಕಾರವಲ್ಲ, ಅಗತ್ಯ. ಶಾಲೆಯ ಹೊರಗಿನವರಿಗಂತೂ ಅದರಲ್ಲಿ ಜಾಗವಿಲ್ಲ. ಚನ್ನಪಟ್ಟಣದ ಗೊಂಬೆ ಕುಶಲಕರ್ಮಿಯೊಬ್ಬರು ಉಳಿಕೆ ಆಲೆಮರದ ತುಂಡುಗಳಲ್ಲಿ ಒಂದನೇ ತರಗತಿಗೆ ಎಣಿಕೆಯ ಮಣಿ ಕಡೆದುಕೊಡಬಲ್ಲರು. ಅವರ ಒಂದು ದಿನದ ಕೂಲಿ ಯಾರು ಕೊಡಬೇಕು? "ಸಮುದಾಯದ ಸಹಭಾಗಿತ್ವ" ಎಂದು ಪಾಠಯೋಜನೆಯಲ್ಲಿ ಬರೆದು, ಅವರಿಂದ ಬಿಟ್ಟಿ ದುಡಿಸಿಕೊಳ್ಳುವುದು ಸರಿಯಲ್ಲ.

ನನ್ನ ಮೇಲ್ವಿಚಾರಕ ಉಪನ್ಯಾಸಕರ ಆಕ್ಷೇಪ ಬೇರೆ: "ಹಣ ಬಂದರೆ ಕೆಲಸ ಫೋಟೋಗೆ, ಬಿಲ್ಲು ಫೈಲಿಗೆ." ಇದನ್ನು ತಳ್ಳಿಹಾಕಲಾಗದು. ಆದರೆ ಇದಕ್ಕೆ ಮದ್ದು ಇನ್ನಷ್ಟು ನಮೂನೆಗಳಲ್ಲ. ಕನ್ನಡದಲ್ಲಿ ಒಂದೇ ಪುಟದ ಲೆಕ್ಕ ಶಾಲೆಯ ಸೂಚನಾ ಫಲಕದಲ್ಲಿರಲಿ, ಎಸ್‌ಡಿಎಂಸಿ ಸಭೆಯಲ್ಲಿ ಓದಲಿ. ಪೈಪಿನ ಬೆಲೆ ಊರಿನವರಿಗೆ ಗೊತ್ತಿರುತ್ತದೆ. ಕೆಲಸ ಕೆಟ್ಟರೆ ಕೆಟ್ಟಿತು ಎಂದು ಬರೆಯುವ ಸ್ವಾತಂತ್ರ್ಯವೂ ಇರಲಿ. ಅದಿಲ್ಲದ ಕಡೆಯೇ ಸುಳ್ಳು ವರದಿ ಹುಟ್ಟುವುದು.

ಆದ್ದರಿಂದ ನನ್ನ ಸಲಹೆ ಇಷ್ಟು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಶಾಲೆಗಳಿಗೆ ಇಂಟರ್ನ್‌ಶಿಪ್‌ಗೆ ಹೋಗುವ ಪ್ರತಿ ತಂಡಕ್ಕೆ ಕಾಲೇಜು ₹2,000 ಬೀಜಧನ ಕೊಡಲಿ. ಹೆಚ್ಚಾಯಿತು ಎನ್ನುವವರು, ಅಂತಿಮ ಪಾಠದ ದಿನ ಮಾತ್ರ ತೋರಿಸಿ ಬೀರುವಿನ ಮೇಲೆ ಎಸೆಯುವ ಚಾರ್ಟು, ಥರ್ಮಾಕೋಲ್ ಮಾದರಿಗಳಿಗೆ ನಾವು ಸುರಿಯುವ ಹಣವನ್ನು ಒಮ್ಮೆ ಲೆಕ್ಕ ಹಾಕಲಿ. ಷರತ್ತು ಎರಡೇ ಇರಲಿ. ಯೋಚನೆ ಮಗುವಿನದೋ, ಅಡುಗೆಯವರದೋ, ಪೋಷಕರದೋ ಆಗಿರಬೇಕು. ನಾವು ಕೈಜೋಡಿಸಬೇಕು ಅಷ್ಟೇ. ಎರಡನೆಯದು, ₹500 ಮುಟ್ಟದೆ ಎಸ್‌ಡಿಎಂಸಿ ಬಳಿ ದುರಸ್ತಿಗೆ ಉಳಿಯಬೇಕು.

ಆ ಹುಡುಗಿ ಕೇಳಿದ್ದು ಆ ₹500ರ ಪ್ರಶ್ನೆಯನ್ನೇ. ಮುಂದಿನ ತಂಡ ಹೊರಡುವ ಮುನ್ನ ನಡೆಯುವ ಬೋಧನಾಭ್ಯಾಸದ ಪೂರ್ವಸಿದ್ಧತಾ ಸಭೆಯಲ್ಲಿ ಅದಕ್ಕೆ ಉತ್ತರ ತೀರ್ಮಾನವಾಗಲಿ.