ಕ್ಷಯದ ಲಸಿಕೆ ಮಧುಮೇಹಕ್ಕೆ ಮದ್ದಾದೀತೇ?

ಭಾರತದಲ್ಲಿ ಹುಟ್ಟಿದ ಬಹುತೇಕರ ಎಡತೋಳಿನ ಮೇಲೆ ಪುಟ್ಟದೊಂದು ಕಲೆ ಇರುತ್ತದೆ. ಶಿಶುವಾಗಿದ್ದಾಗ ಹಾಕಿಸಿದ ಬಿಸಿಜಿ ಲಸಿಕೆ ಉಳಿಸಿಹೋದ ಗುರುತದು. ಕ್ಷಯರೋಗದ ವಿರುದ್ಧ ರೂಪುಗೊಂಡು ನೂರು ವರ್ಷ ದಾಟಿದ ಈ ಅಗ್ಗದ ಲಸಿಕೆಯಿಂದ ಟೈಪ್ 1 ಮಧುಮೇಹವನ್ನೂ ಹತೋಟಿಗೆ ತರಬಹುದೇ? ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವಿಜ್ಞಾನಿ ಡಾ. ಡೆನಿಸ್ ಫಾಸ್ಟ್‌ಮನ್ ಎರಡು ದಶಕಗಳಿಗೂ ಹೆಚ್ಚು ಕಾಲ ಬೆನ್ನು ಹತ್ತಿದ ಪ್ರಶ್ನೆಯಿದು. ಈ ಪ್ರಯೋಗಗಳು ಹುಟ್ಟಿಸಿದ ಆಶೆ ದೊಡ್ಡದು. ಅದರ ಹಿಂದಿರುವ ಪುರಾವೆಯ ತೂಕ ಎಷ್ಟೆಂಬುದು ಬೇರೆಯೇ ಮಾತು.

ಸ್ವಂತ ಸೈನ್ಯದ ದಾಳಿ

'ಸಕ್ಕರೆ ಕಾಯಿಲೆ' ಎಂದು ಜನ ಸಾಮಾನ್ಯವಾಗಿ ಕರೆಯುವುದು ನಡುವಯಸ್ಸಿನಲ್ಲಿ ಕಾಣಿಸಿಕೊಳ್ಳುವ ಟೈಪ್ 2 ಮಧುಮೇಹವನ್ನು. ಟೈಪ್ 1ರ ಸ್ವರೂಪ ಬೇರೆ. ರೋಗಾಣುಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ಕಣಗಳೇ ಇಲ್ಲಿ ಮೇದೋಜೀರಕ ಗ್ರಂಥಿಯ ಬೀಟಾ ಕಣಗಳನ್ನು ನಾಶಪಡಿಸುತ್ತವೆ. ಇನ್ಸುಲಿನ್ ಸ್ರವಿಸುವುದು ಆ ಕಣಗಳೇ. ಹೀಗಾಗಿ ಬಹುಪಾಲು ಬಾಲ್ಯ, ಹರೆಯದಲ್ಲಿ ಎರಗುವ ಈ ರೋಗಕ್ಕೆ ತುತ್ತಾದವರು ಬದುಕಿಡೀ ಹೊರಗಿನಿಂದ ಇನ್ಸುಲಿನ್ ಪಡೆಯಲೇಬೇಕು. ಕೆಲವೇ ದಿನ ಅದು ತಪ್ಪಿದರೂ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಸಂಚಕಾರ.

ಕಾಕತಾಳೀಯವೆಂಬಂತೆ, ಬಿಸಿಜಿ ಮತ್ತು ಇನ್ಸುಲಿನ್ ಎರಡಕ್ಕೂ 1921 ಮಹತ್ವದ ವರ್ಷ. ಫ್ರಾನ್ಸ್‌ನ ಕಾಲ್ಮೆಟ್ ಮತ್ತು ಗೆರಾನ್ ದನಗಳ ಕ್ಷಯಾಣುವನ್ನು 13 ವರ್ಷ ಮತ್ತೆ ಮತ್ತೆ ಬೆಳೆಸಿ ದುರ್ಬಲಗೊಳಿಸಿ ತಯಾರಿಸಿದ ಲಸಿಕೆಯನ್ನು ಮೊದಲ ಬಾರಿಗೆ ಮನುಷ್ಯರಿಗೆ ನೀಡಿದ್ದು ಆ ವರ್ಷ. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ ಬೇರ್ಪಡಿಸಿದ್ದೂ ಅದೇ ವರ್ಷ.

ಇಲಿಯಿಂದ ಮನುಷ್ಯನವರೆಗೆ

ಬಿಸಿಜಿ ದೇಹ ಸೇರಿದಾಗ ಟಿಎನ್‌ಎಫ್ ಎಂಬ ರಾಸಾಯನಿಕ ಸಂಕೇತದ ಪ್ರಮಾಣ ಏರುತ್ತದೆ. ದಾರಿ ತಪ್ಪಿದ ರಕ್ಷಣಾ ಕಣಗಳನ್ನು ಇದು ಆಯ್ದು ಕೊಲ್ಲುತ್ತದೆ ಎಂಬುದು ಫಾಸ್ಟ್‌ಮನ್ ತಂಡದ ವಾದ. 2001 ಮತ್ತು 2003ರಲ್ಲಿ ಮಧುಮೇಹಪೀಡಿತ ಇಲಿಗಳು ಚೇತರಿಸಿಕೊಂಡ ವರದಿಯನ್ನು ತಂಡ ಪ್ರಕಟಿಸಿತು. ಗುಲ್ಮದ ಕಣಗಳೇ ಬೀಟಾ ಕಣಗಳಾಗಿ ಮಾರ್ಪಡುತ್ತವೆ ಎಂಬ ಅಚ್ಚರಿಯ ಮಾತೂ ಅದರಲ್ಲಿತ್ತು. 2006ರಲ್ಲಿ ಬೇರೆ ಮೂರು ತಂಡಗಳು ಪ್ರಯೋಗವನ್ನು ಪುನರಾವರ್ತಿಸಿದಾಗ ಕೆಲವು ಇಲಿಗಳು ಗುಣವಾದದ್ದು ನಿಜವೆನಿಸಿತು. ಗುಲ್ಮದ ಕಣಗಳ ಮಾರ್ಪಾಡಿಗೆ ಮಾತ್ರ ಆಧಾರ ಸಿಗಲಿಲ್ಲ.

2012ರಲ್ಲಿ ಮೊದಲ ಹಂತದ ಮಾನವ ಪ್ರಯೋಗದ ವರದಿ ಹೊರಬಂತು. ಸರಾಸರಿ 15 ವರ್ಷಗಳಿಂದ ರೋಗವಿದ್ದ ಆರು ಮಂದಿಯಲ್ಲಿ ಮೂವರಿಗೆ ಬಿಸಿಜಿ, ಮೂವರಿಗೆ ಹುಸಿಮದ್ದು. ಲಸಿಕೆ ಪಡೆದವರಲ್ಲಿ ಹಾನಿಕಾರಕ ಕಣಗಳು ಸತ್ತ ಕುರುಹು ಮತ್ತು ಸ್ವಂತ ಇನ್ಸುಲಿನ್ ಉತ್ಪಾದನೆಯಲ್ಲಿ ಅಲ್ಪಕಾಲದ, ಅತ್ಯಲ್ಪ ಏರಿಕೆ ಕಂಡುಬಂತು. ಹುಸಿಮದ್ದು ಪಡೆದವರ ಪೈಕಿ ಒಬ್ಬರಿಗೆ ಅದೇ ವೇಳೆ ಎಪ್‌ಸ್ಟೀನ್-ಬಾರ್ ವೈರಾಣು ಸೋಂಕು ತಗುಲಿ, ಅವರಲ್ಲೂ ಇಂತಹುದೇ ಬದಲಾವಣೆ ಕಾಣಿಸಿತು. ಆ ಸೋಂಕೂ ಟಿಎನ್‌ಎಫ್ ಹೆಚ್ಚಿಸುತ್ತದೆ ಎಂಬುದು ತಂಡದ ವಿವರಣೆ.

2018ರ ವರದಿ ಜಗತ್ತಿನಾದ್ಯಂತ ಸುದ್ದಿಯಾಯಿತು. ರಕ್ತದ ಸಕ್ಕರೆಯ ಎರಡು-ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಮೂರು ವರ್ಷಗಳ ಬಳಿಕ ಶೇ. 10ಕ್ಕೂ ಹೆಚ್ಚು, ನಾಲ್ಕನೇ ವರ್ಷಕ್ಕೆ ಶೇ. 18ಕ್ಕೂ ಹೆಚ್ಚು ಇಳಿದು, ಎಂಟನೇ ವರ್ಷದಲ್ಲೂ 6.65ರ ಆಸುಪಾಸಿನಲ್ಲಿತ್ತು. ವಿವರಣೆ ಮಾತ್ರ ಈ ಬಾರಿ ಬೇರೆಯಾಗಿತ್ತು. ಬೀಟಾ ಕಣಗಳು ಮರುಹುಟ್ಟು ಪಡೆದದ್ದು ಇಳಿಕೆಗೆ ಕಾರಣವಲ್ಲ, ಲಸಿಕೆಯ ಪ್ರಭಾವದಿಂದ ಬಿಳಿರಕ್ತಕಣಗಳು ಹೆಚ್ಚು ಸಕ್ಕರೆ ಬಳಸತೊಡಗಿದ್ದೇ ಕಾರಣ ಎಂದು ತಂಡ ಹೇಳಿತು.

ಮೂವರ ಲೆಕ್ಕ

ತಕರಾರು ಎದ್ದದ್ದು ಇಲ್ಲಿಯೇ. ಎಂಟು ವರ್ಷಗಳ ಲೆಕ್ಕ ನಿಂತಿದ್ದು ಕೇವಲ ಮೂವರ ಮೇಲೆ. ಅಮೆರಿಕದ ಮಧುಮೇಹ ಸಂಘ ಹಾಗೂ ಆಗ ಜೆಡಿಆರ್‌ಎಫ್ ಎಂಬ ಹೆಸರಿದ್ದ ಸಂಶೋಧನಾ ಪ್ರತಿಷ್ಠಾನ ಜಂಟಿ ಹೇಳಿಕೆ ನೀಡಿ, ಚಿಕಿತ್ಸಾಕ್ರಮ ಬದಲಿಸಲು ಈ ಪುರಾವೆ ಸಾಲದೆಂದವು. 1990ರ ದಶಕದ ಅನುಭವವೂ ಹುರುಪು ತರುವಂಥದ್ದಲ್ಲ. 1994ರಲ್ಲಿ ಸಣ್ಣ ಅಧ್ಯಯನವೊಂದು ಹೊಸ ರೋಗಿಗಳಲ್ಲಿ ಬಿಸಿಜಿಯಿಂದ ಲಾಭವಿದೆಯೆಂದು ಸೂಚಿಸಿತ್ತು. 1999ರಲ್ಲಿ ಪ್ರಕಟವಾದ, ಹುಸಿಮದ್ದಿನೊಡನೆ ಹೋಲಿಸಿದ ಅಧ್ಯಯನದಲ್ಲಿ ಆ ಲಾಭ ಕಾಣಲಿಲ್ಲ. ಅಂದಿನ ಪ್ರಯೋಗಗಳಲ್ಲಿ ಕೊಟ್ಟದ್ದು ಒಂದೇ ಡೋಸ್ ಎಂಬುದು ಬೆಂಬಲಿಗರ ಉತ್ತರ. ಅದಕ್ಕಾಗಿಯೇ ಹಲವು ಡೋಸ್‌ಗಳ, 150 ವಯಸ್ಕರ, ಐದು ವರ್ಷಗಳ ಎರಡನೇ ಹಂತದ ಪ್ರಯೋಗವನ್ನು 2015ರಲ್ಲಿ ಘೋಷಿಸಲಾಯಿತು.

ಭಾರತದ ಓದುಗನಿಗೆ ಸಹಜವಾಗಿ ಏಳುವ ಸಂದೇಹವೊಂದಿದೆ. ಹುಟ್ಟಿದಾಗಲೇ ಬಿಸಿಜಿ ಪಡೆದ ನಮ್ಮ ಮಕ್ಕಳಿಗೂ ಟೈಪ್ 1 ಮಧುಮೇಹ ಬರುತ್ತಿದೆಯಲ್ಲ? ಶೈಶವದ ಒಂದು ಡೋಸ್ ಈ ರೋಗವನ್ನು ತಡೆಯುವ ಕವಚವಲ್ಲ ಎಂಬುದಷ್ಟೇ ಇದರಿಂದ ಸ್ಪಷ್ಟ. ವಯಸ್ಕರಿಗೆ ಪದೇ ಪದೇ ಕೊಟ್ಟರೆ ಏನಾದೀತೆಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಅಗ್ಗವಾದುದೇ ಅಡ್ಡಿ

ಹಣದ ಪ್ರಶ್ನೆ ಇನ್ನೊಂದು. ಪೇಟೆಂಟ್ ಇಲ್ಲದ ಲಸಿಕೆಯ ಮೇಲೆ ಕೋಟಿಗಟ್ಟಲೆ ಸುರಿಯುವ ಆಸಕ್ತಿ ಔಷಧ ಕಂಪನಿಗಳಿಗೆ ಇರುವುದಿಲ್ಲ. ಫಾಸ್ಟ್‌ಮನ್ ಸಂಶೋಧನೆಗೆ ಆಸರೆಯಾದದ್ದು ದಾನಿಗಳು, ಮುಖ್ಯವಾಗಿ ಕ್ರೈಸ್ಲರ್ ಕಾರು ಕಂಪನಿಯ ಮಾಜಿ ಮುಖ್ಯಸ್ಥ ಲೀ ಅಯಾಕೋಕಾ ಅವರ ಪ್ರತಿಷ್ಠಾನ. ಅವರ ಪತ್ನಿ ಮೇರಿ 1983ರಲ್ಲಿ ಇದೇ ರೋಗದ ತೊಡಕುಗಳಿಂದ ತೀರಿಕೊಂಡಿದ್ದರು.

ಇದಕ್ಕೆ ಎದುರಾಗಿ ಟೆಪ್ಲಿಜುಮಾಬ್ ಔಷಧವನ್ನಿಟ್ಟು ನೋಡಬಹುದು. ರೋಗ ತಲೆದೋರುವುದನ್ನು ಸರಾಸರಿ ಎರಡು ವರ್ಷ ಮುಂದೂಡುವ ಇದಕ್ಕೆ 2022ರಲ್ಲಿ ಅಮೆರಿಕದ ಅನುಮತಿ ಸಿಕ್ಕಾಗ ಒಂದು ಸುತ್ತಿನ ಚಿಕಿತ್ಸೆಗೆ ನಿಗದಿಯಾದ ಬೆಲೆ ಸುಮಾರು 1.94 ಲಕ್ಷ ಡಾಲರ್. ಅದರ ಮುಖ್ಯ ಪ್ರಯೋಗದಲ್ಲಿದ್ದವರೂ 76 ಮಂದಿ ಮಾತ್ರ. ಆದರೆ ಚೀಟಿ ಎತ್ತಿದಂತೆ ಗುಂಪು ವಿಂಗಡಿಸಿ ಹುಸಿಮದ್ದಿನೊಡನೆ ಹೋಲಿಸಿ ಪಡೆದ ಫಲಿತಾಂಶವದು. ಸಂಖ್ಯೆಯಷ್ಟೇ ಹೋಲಿಕೆಯೂ ಮುಖ್ಯ.

ಚೆಂಗಲ್ಪಟ್ಟಿನ ಪಾಠ

ಆಶೆಗೂ ಫಲಕ್ಕೂ ನಡುವೆ ಎಷ್ಟು ಅಂತರವಿರಬಲ್ಲದು ಎಂಬುದನ್ನು ಬಿಸಿಜಿ ನಮ್ಮ ನೆರೆಯಲ್ಲೇ ಒಮ್ಮೆ ಕಲಿಸಿದೆ. ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ 1968ರಲ್ಲಿ ಆರಂಭವಾದ ಪ್ರಯೋಗಕ್ಕೆ ಎರಡೂವರೆ ಲಕ್ಷಕ್ಕೂ ಅಧಿಕ ಜನ ಒಳಪಟ್ಟಿದ್ದರು. ವಯಸ್ಕರ ಶ್ವಾಸಕೋಶದ ಕ್ಷಯವನ್ನು ಬಿಸಿಜಿ ತಡೆಯಲಿಲ್ಲ ಎಂಬ ಫಲಿತಾಂಶ ಜಗತ್ತನ್ನೇ ಬೆರಗುಗೊಳಿಸಿತು. ಆದರೂ ಮಕ್ಕಳನ್ನು ಮಿದುಳಿನ ಕ್ಷಯದಂತಹ ಘೋರ ರೂಪಗಳಿಂದ ಕಾಪಾಡುವುದರಿಂದ ಲಸಿಕೆ ಉಳಿದುಕೊಂಡಿತು. ಅದು ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗದು ಎಂದು ಹೇಳಿದ್ದು ದೊಡ್ಡ ಪ್ರಯೋಗವೇ ಹೊರತು ನಂಬಿಕೆಯಲ್ಲ.

ಮಧುಮೇಹದ ವಿಚಾರದಲ್ಲೂ ಅದೇ ಅಳತೆಗೋಲು ಸಲ್ಲಬೇಕು. ಅಗ್ಗವೆಂಬ ಕಾರಣಕ್ಕೆ ಬಿಸಿಜಿಯನ್ನು ಮೂಲೆಗೆ ತಳ್ಳುವುದು ರೋಗಿಗಳಿಗೆ ಮಾಡುವ ಅನ್ಯಾಯ. ಅಗ್ಗವೆಂಬ ಕಾರಣಕ್ಕೇ ಅದನ್ನು ಸಂಜೀವಿನಿಯೆಂದು ಸಾರುವುದು ಇನ್ನೂ ದೊಡ್ಡ ಅನ್ಯಾಯ. ಫಾಸ್ಟ್‌ಮನ್ ಪ್ರಯೋಗಗಳಲ್ಲಿ ಕೂಡ ರೋಗಿಗಳು ಇನ್ಸುಲಿನ್ ಪಡೆಯುತ್ತಲೇ ಇದ್ದರು ಎಂಬುದನ್ನು ಮೊಬೈಲಿನಿಂದ ಮೊಬೈಲಿಗೆ ಹಾರುವ 'ಸಕ್ಕರೆ ಕಾಯಿಲೆಗೆ ಲಸಿಕೆ' ಎಂಬ ಒಂದು ಸಾಲಿನ ಸಂದೇಶ ಹೇಳುವುದಿಲ್ಲ. ಆ ಸಾಲನ್ನು ನಂಬಿ ಮಗುವಿನ ಒಂದು ದಿನದ ಇನ್ಸುಲಿನ್ ತಪ್ಪಿಸಿದರೂ ತೆರಬೇಕಾಗುವ ಬೆಲೆ ಬಲು ದೊಡ್ಡದು.