ಸೃಷ್ಟಿಸಿದವನ ಹೊಣೆ

‘ಫ್ರಾಂಕೆನ್‌ಸ್ಟೈನ್’ ಎಂದೊಡನೆ ಬಹುಜನರ ಕಣ್ಣಮುಂದೆ ನಿಲ್ಲುವುದು 1931ರ ಚಲಚ್ಚಿತ್ರದಲ್ಲಿ ಬೋರಿಸ್ ಕಾರ್ಲಾಫ್ ಧರಿಸಿದ ವಿಕಾರ ರೂಪ. ವಾಸ್ತವವಾಗಿ ಅದು ಆ ರಾಕ್ಷಸನ ಹೆಸರಲ್ಲ. ಅವನನ್ನು ನಿರ್ಮಿಸಿದ ವಿದ್ಯಾವಂತನ ಹೆಸರು. ನಿರ್ಮಿತನಾದವನಿಗೆ ಕಾದಂಬರಿಯ ಮೊದಲಿನಿಂದ ಕೊನೆಯವರೆಗೆ ಹೆಸರೇ ಇಲ್ಲ. ಇಡಬೇಕಾದವನು ಇಡಲಿಲ್ಲ. ಕಥೆಯ ತಿರುಳು ಇದರಲ್ಲಿಯೇ ಅಡಗಿದೆಯೆಂದು ನಮ್ಮ ಅಭಿಪ್ರಾಯ.

ಗಾಥಿಕ್ ಎಂದು ಹೆಸರಾದ ಭಯಾನಕ ಕಥೆಗಳ ಸಾಲಿಗೆ ಸೇರಿದ ಈ ಗ್ರಂಥವನ್ನು ಮೇರಿ ಶೆಲ್ಲಿ ಆರಂಭಿಸಿದುದು 1816ರ ಬೇಸಗೆಯಲ್ಲಿ, ಜಿನೀವಾ ಸರೋವರದ ತೀರದಲ್ಲಿ. ಆಗ ಆಕೆಗೆ 18 ವರ್ಷ. ಮಳೆಯಿಂದ ಮನೆಯೊಳಗೇ ಉಳಿದಿದ್ದ ಮಿತ್ರರಿಗೆ, ಒಬ್ಬೊಬ್ಬರೂ ಒಂದು ಭೂತದ ಕಥೆ ಬರೆಯಬೇಕೆಂದು ಕವಿ ಬೈರನ್ ಸೂಚಿಸಿದನಂತೆ. 1818ರಲ್ಲಿ ಲಂಡನ್ನಿನಲ್ಲಿ ಅದು ಅಚ್ಚಾದಾಗ ಕರ್ತೃವಿನ ಹೆಸರೂ ಅದರ ಮೇಲಿರಲಿಲ್ಲ.

ವಿಕ್ಟರ್ ಫ್ರಾಂಕೆನ್‌ಸ್ಟೈನನು ಸುಮಾರು ಎರಡು ವರ್ಷ ಹಗಲಿರುಳು ದುಡಿದು ಒಂದು ದೇಹಕ್ಕೆ ಜೀವ ತುಂಬಿದನು. ಅದು ಕಣ್ಣು ತೆರೆದೊಡನೆ ಅಸಹ್ಯಪಟ್ಟು ಕೊಠಡಿಯಿಂದ ಓಡಿಹೋದನು. ಅನಾಥನಾದ ಆ ಜೀವಿ ಒಂದು ಬಡ ಕುಟುಂಬದ ಮನೆಗೆ ಅಂಟಿದ ಗುಡಿಸಲಿನಲ್ಲಿ ಅಡಗಿ, ಗೋಡೆಯ ಬಿರುಕಿನಿಂದ ಅವರನ್ನು ನೋಡುತ್ತ ಮಾತು ಕಲಿತನು. ರಾತ್ರಿ ಗುಟ್ಟಾಗಿ ಅವರಿಗೆ ಸೌದೆ ತಂದಿಟ್ಟನು. ಒಂದು ದಿನ ಧೈರ್ಯಮಾಡಿ ಆ ಮನೆಯ ಕುರುಡ ಮುದುಕನ ಬಳಿ ಹೋದನು. ಮುದುಕನು ಆದರದಿಂದಲೇ ಮಾತನಾಡಿದನು. ಅಷ್ಟರಲ್ಲಿ ಬಂದ ಮಗನು ದೊಣ್ಣೆಯಿಂದ ಬಡಿದನು. ಮುಂದೆ ನೀರಿಗೆ ಬಿದ್ದ ಬಾಲಿಕೆಯನ್ನು ಬದುಕಿಸಿದಾಗಲೂ ಅವನಿಗೆ ದೊರೆತ ಬಹುಮಾನ ಗುಂಡೇಟು.

ಹಾಗೆಂದು ಅವನು ನಿರ್ದೋಷಿಯೆಂದು ನಾವು ಹೇಳಲಾರೆವು. ವಿಕ್ಟರನ ಎಳೆಯ ತಮ್ಮನನ್ನು ಕೊಂದು, ಆ ಅಪರಾಧವನ್ನು ಜಸ್ಟೀನ್ ಎಂಬ ನಿರಪರಾಧಿಯ ತಲೆಗೆ ಕಟ್ಟಿದನು. ಒಂಟಿತನವು ಕೊಲೆಗೆ ಸಮಜಾಯಿಷಿಯಾಗದು. ಆದರೆ ಕೊಲೆಗಾರನಾರೆಂಬುದು ವಿಕ್ಟರನ ಮನಸ್ಸಿಗೆ ತಿಳಿದಿತ್ತಷ್ಟೆ? ಜನ ಹುಚ್ಚನೆಂದಾರೆಂಬ ಅಂಜಿಕೆಯಿಂದ ಅವನು ಬಾಯಿ ಬಿಡಲಿಲ್ಲ, ಜಸ್ಟೀನಳು ಗಲ್ಲಿಗೇರಿದಳು.

ಮನುಷ್ಯನು ವಿಜ್ಞಾನದಲ್ಲಿ ಮಿತಿ ಮೀರಬಾರದೆಂಬುದೇ ಈ ಗ್ರಂಥದ ನೀತಿಯೆಂದು ಕೆಲವರ ಮತ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಜೀವ ಕೊಟ್ಟುದಕ್ಕಿಂತ, ಕೊಟ್ಟ ಮೇಲೆ ಕೈಬಿಟ್ಟುದೇ ವಿಕ್ಟರನ ದೊಡ್ಡ ಅಪರಾಧ.

ಇದನ್ನು ಬರೆಯುವಾಗ ನಮ್ಮದೇ ಒಂದು ತಪ್ಪು ನೆನಪಾಗುತ್ತದೆ. ಪತ್ರಿಕೆಗೆ ಬರುವ ಮುನ್ನ ನಾವು ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು. ಊರಿನಿಂದ ಪರಿಚಿತರೊಬ್ಬರು ಕಳುಹಿಸಿದ ಹುಡುಗನಿಗೆ ಲೋಟ ತೊಳೆಯುವ ಕೆಲಸ ಕೊಟ್ಟೆವು, ಊಟ ಕೊಟ್ಟೆವು, ಮಲಗಲು ಅಟ್ಟ ತೋರಿಸಿದೆವು. ‘ಏ ಹುಡುಗಾ’ ಎಂದೇ ಕರೆದೆವು. ಎಂಟು ತಿಂಗಳ ಮೇಲೆ ಅವನು ಹೇಳದೆ ಕೇಳದೆ ಹೊರಟುಹೋದನು. ಲೆಕ್ಕದ ಪುಸ್ತಕದಲ್ಲಿ ಅವನ ಬಾಕಿ ಬರೆಯಹೊರಟಾಗ, ಹೆಸರೇ ನಮಗೆ ಗೊತ್ತಿಲ್ಲವೆಂಬುದು ಅರಿವಾಯಿತು.

ಅನ್ನ ಹಾಕಿದ ಮಾತ್ರಕ್ಕೆ ಕರೆಸಿಕೊಂಡವನ ಹೊಣೆ ತೀರುವುದಿಲ್ಲ. ಇದು ಮಾಲಕರಿಗೆ ಮಾತ್ರ ಹೇಳುವ ಮಾತಲ್ಲ. ನಮ್ಮ ವಾಚಕರು ವಾಸಿಸುವ ಕೋಣೆಗಳಿಗೂ ಊರಿನಿಂದ ಹೊಸಬರು ಬರುತ್ತಲೇ ಇರುತ್ತಾರೆ. ಮೊದಲ ರಾತ್ರಿಯೇ ಅವರ ಹೆಸರು ಕೇಳಿ, ಆ ಹೆಸರಿನಿಂದಲೇ ಕರೆಯಬೇಕೆಂದು ನಮ್ಮ ಅರಿಕೆ.