ಜಪಾನಿನ ಮಕ್ಕಳಿಗೆ ನಮ್ಮ ಮನೆಯಲ್ಲಿ ಎಡೆಯಿಲ್ಲವೆ?

ಮಾನ್ಯ ಸಂಪಾದಕರೆ,

ನಗರದ ಖಾಸಗಿ ಶಾಲೆಗಳು ‘ಸಾಂಸ್ಕೃತಿಕ ವಿನಿಮಯ’ದ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಹೊರದೇಶಗಳಿಗೆ ಕರೆದೊಯ್ಯುತ್ತಿರುವುದನ್ನು ಶ್ಲಾಘಿಸಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ವರದಿಯನ್ನು ಓದಿದೆ. ಪ್ರವಾಸದ ವಿಷಯದಲ್ಲಿ ನನಗೆ ವಿರೋಧವಿಲ್ಲ. ‘ವಿನಿಮಯ’ವೆಂಬ ಪದದ ಪ್ರಯೋಗದಲ್ಲಿ ಇದೆ.

ನನ್ನ ಮೊಮ್ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಶಾಲೆಯಿಂದ ಬಂದ ಜಪಾನ್ ಪ್ರವಾಸದ ಸುತ್ತೋಲೆ ನನ್ನ ಮುಂದಿದೆ. ಒಂಬತ್ತು ದಿನಗಳ ಈ ಯಾತ್ರೆಯಲ್ಲಿ ಅಲ್ಲಿನ ಕುಟುಂಬಗಳೊಡನೆ ವಾಸಕ್ಕೆ ಮೀಸಲಾಗಿರುವುದು ಎರಡೇ ರಾತ್ರಿ. ಅದೂ ಐಚ್ಛಿಕ, ಬೇಡವೆಂದವರು ಉಪಾಧ್ಯಾಯರೊಡನೆ ಹೋಟೆಲಿನಲ್ಲಿಯೇ ಉಳಿಯಬಹುದು, ಅಲ್ಲಿ ಭಾರತೀಯ ಊಟದ ಏರ್ಪಾಟು ಉಂಟು ಎಂದು ಪೋಷಕರಿಗೆ ಅಭಯವಿತ್ತಿದ್ದಾರೆ. ಡಿಸ್ನಿಲ್ಯಾಂಡಿಗೆ ಇಡಿಯ ಒಂದು ದಿನ. ಅದು ಐಚ್ಛಿಕವೆಂದು ಎಲ್ಲಿಯೂ ಬರೆದಿಲ್ಲ.

ಹೊಸ್ತಿಲಲ್ಲಿ ಪಾದರಕ್ಷೆಯನ್ನು ಕಳಚುವುದು ಜಪಾನೀಯರಿಗೂ ನಮಗೂ ಸಮಾನವಾದ ಆಚಾರ. ಆದರೆ ಸ್ನಾನದ ತೊಟ್ಟಿಗೆ ಇಳಿಯುವ ಮುನ್ನ ಹೊರಗೆಯೇ ಮೈಯನ್ನು ಚೆನ್ನಾಗಿ ತೊಳೆದುಕೊಳ್ಳತಕ್ಕದ್ದೆಂಬುದೂ, ತೊಟ್ಟಿಯ ಅದೇ ಬಿಸಿನೀರು ಸರದಿಯ ಮೇಲೆ ಮನೆಮಂದಿಗೆಲ್ಲ ಒದಗಬೇಕಾದುದರಿಂದ ಅದನ್ನು ಚೆಲ್ಲಿ ಬರಕೂಡದೆಂಬುದೂ, ಊಟಕ್ಕೆ ಮೊದಲು ಕೈಮುಗಿದು ‘ಇತಾದಾಕಿಮಾಸು’ ಎನ್ನುವ ಆ ಮನೆಯಲ್ಲಿ ತೋರಿಕೆಗೆ ನಿರಾಮಿಷವಾದ ಸಾರಿಗೂ ಒಣಮೀನಿನ ರಸವೇ ಆಧಾರವಾಗಿರಬಹುದೆಂಬುದೂ, ಅದನ್ನು ಗೃಹಿಣಿಯ ಮನಸ್ಸು ನೋಯದಂತೆ ನಿರಾಕರಿಸುವುದು ಹೇಗೆಂಬುದೂ ಹೋಟೆಲಿನ ಕೋಣೆಯಲ್ಲಿ ಯಾವ ಮಗುವಿಗೂ ತಿಳಿಯುವ ಸಂಗತಿಗಳಲ್ಲ. ಎರಡು ರಾತ್ರಿಗಳಲ್ಲಿಯೂ ಪೂರ್ತಿ ತಿಳಿಯಲಾರವು. ಸಂಕೋಚ ಬಿಡುವುದಕ್ಕೇ ಎರಡು ದಿನ ಬೇಕು.

ನಾನು 1960ರ ದಶಕದಲ್ಲಿ ಮೈಸೂರಿನಲ್ಲಿ ವಾರಾನ್ನ ಮಾಡಿಕೊಂಡು ಓದಿದವನು. ಸೋಮವಾರದ ಮನೆಯ ಹುಳಿಗೂ ಗುರುವಾರದ ಮನೆಯ ಹುಳಿಗೂ ಇದ್ದ ಅಂತರವನ್ನು ನಾಲಗೆಯೂ, ಒಬ್ಬ ತಾಯಿ ಬಡಿಸುವಾಗಿನ ಮಾತಿಗೂ ಇನ್ನೊಬ್ಬರ ಮೌನಕ್ಕೂ ಇದ್ದ ಅಂತರವನ್ನು ಮನಸ್ಸೂ ಕಲಿತುದು ಹಾಗೆ. ಆ ಪದ್ಧತಿ ಬಹುಮಟ್ಟಿಗೆ ಜಾತಿಯ ಎಲ್ಲೆಯನ್ನು ದಾಟಲಿಲ್ಲವೆಂಬ ದೋಷವನ್ನು ನಾನು ಮುಚ್ಚಿಡಲಾರೆ. ಆದರೂ ಅಪರಿಚಿತ ಬಾಲಕನೊಬ್ಬನಿಗೆ ವಾರಕ್ಕೊಮ್ಮೆ ಎಲೆ ಹಾಕುವುದನ್ನು ಆ ಬಡ ಗೃಹಸ್ಥರು ಭಾರವೆಂದು ಎಣಿಸಲಿಲ್ಲ.

ಇದನ್ನು ಹೇಳುವುದಕ್ಕೆ ಕಾರಣವುಂಟು. ನಮ್ಮ ಮಕ್ಕಳಿಗೆ ಆತಿಥ್ಯ ನೀಡಲಿರುವ ಜಪಾನಿನ ಶಾಲೆಯವರು, ಮುಂದಿನ ವರ್ಷ ತಮ್ಮ ಹದಿನಾರು ಮಕ್ಕಳನ್ನು ಇಲ್ಲಿಗೆ ಕಳುಹಿಸುವ ಅಪೇಕ್ಷೆಯಿಂದ, ಅವರನ್ನು ಮನೆಗಳಲ್ಲಿ ಇರಿಸಿಕೊಳ್ಳಲು ಸಾಧ್ಯವೆ ಎಂದು ಬರೆದು ಕೇಳಿದ್ದರು. ಪೋಷಕರ ಸಭೆಯಲ್ಲಿ ಈ ಪ್ರಶ್ನೆ ಬಂದಾಗ ಕೈಯೆತ್ತಿದವರು ಯಾರೂ ಇಲ್ಲ. ಒಬ್ಬರಿಗೆ ಮನೆ ಚಿಕ್ಕದು. ಒಬ್ಬರಿಗೆ ಅಡುಗೆಯವರ ತೊಂದರೆ. ಮತ್ತೊಬ್ಬರಿಗೆ ಮಗನ ಟ್ಯೂಷನ್. ಕೊನೆಗೆ ಮಹನೀಯರೊಬ್ಬರು, ಬಂದವರನ್ನು ಊರಾಚೆಯ ರೆಸಾರ್ಟಿನಲ್ಲಿ ಇಳಿಸಿ ಸಂಜೆ ಡೊಳ್ಳುಕುಣಿತ ಏರ್ಪಡಿಸಿದರೆ ನಮ್ಮ ಸಂಸ್ಕೃತಿಯ ಪರಿಚಯ ಮಾಡಿಸಿದಂತಾಯಿತಲ್ಲ ಎಂದಾಗ ಸಭೆಯಲ್ಲಿ ಕರತಾಡನವಾಯಿತು. ಲಕ್ಷಗಟ್ಟಲೆ ಹಣ ತೆತ್ತು ಮಕ್ಕಳನ್ನು ಪರರ ಮನೆಗೆ ಕಳುಹಿಸಲು ಸಿದ್ಧರಾದವರೇ ಇವರೆಲ್ಲ.

ಎರಡು ಮಹಾಯುದ್ಧಗಳಲ್ಲಿ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಫೀಲ್ಡ್ ಸರ್ವಿಸ್ ಎಂಬ ಸಂಸ್ಥೆಯವರು 1947ರಲ್ಲಿ ವಿದ್ಯಾರ್ಥಿ ವಿನಿಮಯವನ್ನು ಆರಂಭಿಸಿದಾಗ, ಮೊದಲು ಮಾಡಿದ ಕೆಲಸ ಹತ್ತು ದೇಶಗಳ 52 ವಿದ್ಯಾರ್ಥಿಗಳನ್ನು ತಮ್ಮ ನಾಡಿಗೆ ಬರಮಾಡಿಕೊಂಡುದು. ತಮ್ಮ ಮಕ್ಕಳನ್ನು ಹೊರಗೆ ಕಳುಹಿಸಿದುದು ಆಮೇಲೆ. ನಮ್ಮ ಶಾಲೆಗಳೂ ಈ ಕ್ರಮವನ್ನೇ ಅನುಸರಿಸಲಿ: ಹೋಗಬಯಸುವ ಮಗುವಿನ ಮನೆಯವರು ಬರುವ ಮಗುವೊಂದನ್ನು ವಾರದ ಮಟ್ಟಿಗಾದರೂ ಇರಿಸಿಕೊಳ್ಳಲು ಮೊದಲೇ ಒಪ್ಪಿ ಬರೆದುಕೊಡಲಿ. ಒಪ್ಪದವರು ಸುಖವಾಗಿ ಪ್ರವಾಸ ಮಾಡಿ ಬರಬಹುದು. ಆಗ ಸುತ್ತೋಲೆಯಲ್ಲಿ ‘ಪ್ರವಾಸ’ವೆಂದೇ ಅಚ್ಚು ಹಾಕಿಸತಕ್ಕದ್ದು.

ಸಭೆಯ ಮರುದಿನವೇ, ಇಬ್ಬರು ಮಕ್ಕಳಿಗೆ ನಮ್ಮ ಮನೆಯಲ್ಲಿ ಸ್ಥಳವಿದೆಯೆಂದು ನಾನು ಶಾಲೆಗೆ ಬರೆದು ಕೊಟ್ಟಿದ್ದೇನೆ. ಉಳಿದ ಹದಿನಾಲ್ವರಿಗೆ ಮನೆಗಳು ಬೇಕಾಗಿವೆ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಬೆಂಗಳೂರು